ಶೆಡ್ಡಿನ ಶಟರ್ ಎಷ್ಟು ವರ್ಷ ಬರ್ತದೆ?

ಟಿಲ್ಲರು, ಪಂಪು, ಗೊಬ್ಬರ, ಅಡಿಕೆ ಮೂಟೆ ಎಲ್ಲಕ್ಕೂ ಕಾವಲು ಒಂದು ರೋಲಿಂಗ್ ಶಟರ್. ಹಾಕಿಸುವಾಗ ಸಾವಿರಾರು ರೂಪಾಯಿ ಖರ್ಚು ಮಾಡುತ್ತೇವೆ. ಆಮೇಲೆ ಅದು ಸಿಕ್ಕಿಹಾಕಿಕೊಳ್ಳುವ ತನಕ ಅತ್ತ ನೋಡುವುದೇ ಇಲ್ಲ. ಶಟರಿಗೆ ಎರಡು ಆಯುಸ್ಸು: ಸ್ಪ್ರಿಂಗ್ ಸವೆಯುವುದು ಬಳಕೆಯಿಂದ, ಪಟ್ಟಿ ಹೋಗುವುದು ತುಕ್ಕಿನಿಂದ.

ಸ್ಪ್ರಿಂಗಿನ ಲೆಕ್ಕ

ಗ್ಯಾರೇಜ್ ಬಾಗಿಲಿನ ಸಾಧಾರಣ ಸ್ಪ್ರಿಂಗಿಗೆ ಸುಮಾರು 10,000 ಸಲ ತೆಗೆದು ಹಾಕುವ ಬಾಳಿಕೆ ಎಂದು ಲೆಕ್ಕ. ದಿನಕ್ಕೆ ಎರಡು ಸಲವಾದರೆ 13 ವರ್ಷ, ನಾಲ್ಕು ಸಲವಾದರೆ 7 ವರ್ಷ ದಾಟುವುದು ಕಷ್ಟ. ಶಟರಿನ ಸ್ಪ್ರಿಂಗೂ ಹೀಗೇ ಬಳಸಿದಷ್ಟು ದಣಿಯುತ್ತದೆ. ಓಡಾಟಕ್ಕೆ ಪಕ್ಕದಲ್ಲೊಂದು ಸಣ್ಣ ಬಾಗಿಲಿಟ್ಟರೆ ಶಟರಿಗೆ ಅಷ್ಟು ಉಳಿತಾಯ.

ಪರೀಕ್ಷೆ ಸುಲಭ. ಕೆಳಗೆ ಯಾರೂ ಇಲ್ಲದಾಗ ಶಟರನ್ನು ಅರ್ಧಕ್ಕೆ ಎತ್ತಿ ಕೈ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಜಾರಿ ಬಂದರೆ ಸ್ಪ್ರಿಂಗ್ ಸೋತಿದೆ. ಬಿಗಿ ಮಾಡುವ ಕೆಲಸಕ್ಕೆ ಮಾತ್ರ ನಾವು ಕೈ ಹಾಕಬಾರದು. ಸುತ್ತಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಮುರಿದೀತು, ಕಣ್ಣು ಹೋದೀತು. ಶಟರಿನವರನ್ನೇ ಕರೆಸಿ.

ತುಕ್ಕು ಬುಡದಿಂದ

ಮಳೆನೀರು ಸಿಡಿದು ಮೊದಲು ತಿನ್ನುವುದು ಅಡಿಪಟ್ಟಿಯನ್ನು. ನೆಲದ ಇಳಿಜಾರು ಹೊರಕ್ಕಿರಲಿ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆಂದು ಬೋರ್ಡೋ ಮಾಡುವವರಿಗೆಲ್ಲ ಗೊತ್ತು. ಆದರೂ ಡ್ರಮ್ಮು ಇಡುವುದು ಶಟರಿನ ಬಳಿಯೇ! ಪೊಟ್ಯಾಷ್ ಚೀಲವೂ ಅಷ್ಟೆ, ತೇವ ಎಳೆದುಕೊಂಡು ತುಕ್ಕಿಗೆ ದಾರಿ ಮಾಡುತ್ತದೆ. ಎರಡನ್ನೂ ದೂರ ಇಡಿ.

ಗ್ರೀಸ್ ಎಲ್ಲಿಗೆ?

ಹೆಚ್ಚಿನವರು ಬದಿಯ ಚಾನಲ್‌ಗೆ ಗ್ರೀಸ್ ಮೆತ್ತುತ್ತಾರೆ. ಅದಕ್ಕೆ ಧೂಳು, ಅಡಿಕೆ ಸಿಪ್ಪೆಯ ನಾರು ಅಂಟಿ ಶಟರ್ ಇನ್ನಷ್ಟು ಬಿಗಿಯಾಗುತ್ತದೆ. ಚಾನಲನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಿದರೆ ಸಾಕು. ಗ್ರೀಸ್ ಬೇಕಾದದ್ದು ಬೇರಿಂಗಿಗೆ.

ಮೇ ತಿಂಗಳ ಅರ್ಧ ದಿನದ ಕೆಲಸ

* ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಕೊಟ್ಟು, ಮೇಲೆ ತೆಳುವಾಗಿ ಪೇಂಟ್ ಹಚ್ಚಿ. ದಪ್ಪವಾದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೂರ್ತಿ ಒಣಗದೆ ಸುತ್ತಬೇಡಿ.
* ಗೋಡೆಗೆ ಹಿಡಿದ ಬೋಲ್ಟ್ ಸಡಿಲವಾಗಿದೆಯೇ ನೋಡಿ.
* ಮೇಲಿನ ಪೆಟ್ಟಿಗೆಯಲ್ಲಿ ಕಣಜದ ಗೂಡೋ ಇಲಿಯೋ ಇದ್ದೀತು, ಕೈ ಹಾಕುವ ಮೊದಲು ಟಾರ್ಚ್ ಬಿಡಿ.

ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಶಟರ್ ಎತ್ತಿ ಇಳಿಸಿ. ಎತ್ತುವ ಮುಂಚೆ ಎರಡೂ ಬದಿಯ ಬೀಗ ತೆಗೆದದ್ದು ಖಾತ್ರಿಯಿರಲಿ. ಒಂದು ಬದಿ ಹಿಡಿದು ಎಳೆದರೆ ಪಟ್ಟಿ ಬಾಗುತ್ತದೆ, ಬಾಗಿದ ಪಟ್ಟಿ ಮತ್ತೆ ನೆಟ್ಟಗಾಗುವುದು ಅಪರೂಪ.