ಗರಿಗರಿಯ ಗುಟ್ಟು

ತಿಂಡಿಯ ವಿಷಯದಲ್ಲಿ ನಾಲಗೆಗಿಂತ ಮೊದಲು ಕಿವಿ ತೀರ್ಪು ಕೊಡುವುದುಂಟು. ಮುರಿದಾಗ ಸದ್ದು ಮಾಡದ ದೋಸೆಯ ಅಂಚನ್ನು ನಾವು ಅಷ್ಟಾಗಿ ಗೌರವಿಸುವುದಿಲ್ಲ. ಅಮೆರಿಕದ ಮನೆಗಳಲ್ಲಿ ಇದೇ ಪರೀಕ್ಷೆಗೆ ಒಳಗಾಗುವ ತಿನಿಸು ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್. ಎರಡು ಹೋಳು ಬ್ರೆಡ್ಡು, ನಡುವೆ ಚೀಸು, ಹೊರಮೈಗೆ ಬೆಣ್ಣೆ, ಇಷ್ಟೇ ಸಾಮಗ್ರಿ. ಹೆಸರಿನಲ್ಲಿ ಗ್ರಿಲ್ ಎಂದಿದ್ದರೂ ಕೆಂಡದ ಮೇಲಿನ ಜಾಲರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಾವಲಿಯ ಮೇಲೆ ಸಿದ್ಧವಾಗುವಂಥದು. ಮಾಡುವುದು ಸುಲಭವೆಂದು ಕಾಣುತ್ತದೆ. ಆದರೆ ಹೊರಗೆ ಸೀದು ಒಳಗೆ ತಣ್ಣಗಿರುವುದು, ಇಲ್ಲವೇ ಒಳಗೆ ಕರಗಿ ಹೊರಗೆ ಮೆತ್ತಗಾಗುವುದು, ಈ ಎರಡು ದುರ್ಗತಿಗಳಲ್ಲಿ ಒಂದು ಅದಕ್ಕೆ ಕಾದೇ ಇರುತ್ತದೆ.

ಇದು ಸಿರಿವಂತರ ಮೇಜಿನ ಸೃಷ್ಟಿಯಲ್ಲ. ಕೆಡದೆ ಉಳಿಯುವ ಸಂಸ್ಕರಿತ ಚೀಸಿಗೆ ಜೇಮ್ಸ್ ಕ್ರಾಫ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1916ರಲ್ಲಿ. ಆಟೊ ರೋವೆಡರನ ಯಂತ್ರದಲ್ಲಿ ಕತ್ತರಿಸಿದ ಬ್ರೆಡ್ಡು ಮಿಸೌರಿ ರಾಜ್ಯದ ಚಿಲಿಕಾಥಿ ಎಂಬ ಊರಿನಲ್ಲಿ ಮಾರಾಟಕ್ಕೆ ಬಂದದ್ದು 1928ರಲ್ಲಿ. ಮರುವರ್ಷವೇ ಆರ್ಥಿಕ ಕುಸಿತ. ಕೈ ಬಿಗಿಯಾದ ಮನೆಗಳಿಗೆ ಈ ಎರಡು ಅಗ್ಗದ ಪದಾರ್ಥಗಳು ಒದಗಿಬಂದವು. ಫ್ರಾನ್ಸಿನಲ್ಲಿ ಇದರ ದಾಯಾದಿಯೊಂದುಂಟು, ಕ್ರೋಕ್ ಮಸ್ಯೂ ಎಂದು. ಅದರಲ್ಲಿ ಹಂದಿಮಾಂಸವೂ ಸೇರುತ್ತದೆ. 1919ರಲ್ಲಿ ಪ್ರಕಟವಾದ ಮಾರ್ಸೆಲ್ ಪ್ರೂಸ್ತನ ಕಾದಂಬರಿಯ ಎರಡನೆಯ ಸಂಪುಟದಲ್ಲಿ ಅದರ ಪ್ರಸ್ತಾಪವಿದೆ. ‘ಕ್ರೋಕ್’ ಎಂದರೆ ಕುರುಕುರು ಕಡಿಯುವುದು. ಸದ್ದನ್ನು ಹೆಸರಿನಲ್ಲೇ ಹೊತ್ತ ತಿನಿಸು ಅದು.

ಗರಿಗರಿಯ ಶತ್ರು ನೀರು. ಬ್ರೆಡ್ಡಿನ ಮೈಯಲ್ಲಿ ತೇವವಿರುವವರೆಗೆ ಅದರ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ. ತೇವ ಆರಿ, ಬಿಸಿ ಸುಮಾರು 140 ಡಿಗ್ರಿಗೇರಿದಾಗ ಹೊಂಬಣ್ಣವೂ ಪರಿಮಳವೂ ಬೇಗಬೇಗನೆ ಮೂಡುತ್ತವೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಈ ವ್ಯವಹಾರವನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮೀಲ್ ಮೆಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಒಳಗಿನ ಚೆಡ್ಡಾರ್ ಚೀಸಾದರೋ ಸುಮಾರು 65 ಡಿಗ್ರಿಗೇ ಕರಗುತ್ತದೆ. ಆದರೆ ಬ್ರೆಡ್ಡೆಂದರೆ ಗಾಳಿ ತುಂಬಿದ ಕಂಬಳಿ. ಕಾವು ಅದನ್ನು ದಾಟಿ ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ. ಉರಿ ದೊಡ್ಡದಾದರೆ ಹೊರಮೈ ಆ ಹೊತ್ತಿಗಾಗಿ ಕಾಯುವುದಿಲ್ಲ. ಸಣ್ಣ ಉರಿ ಬೇಕೆನ್ನುವುದು ಈ ಕಾರಣಕ್ಕೆ.

ಬ್ರೆಡ್ಡು ನಿನ್ನೆಯದಾದರೆ ಒಳ್ಳೆಯದು. ಬೆಣ್ಣೆಯನ್ನು ಕಾವಲಿಗೆ ಹಾಕದೆ, ಮೆತ್ತಗಾಗಿಸಿ ಬ್ರೆಡ್ಡಿನ ಅಂಚಿನವರೆಗೂ ತೆಳುವಾಗಿ ಸವರಬೇಕು. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು ಹದಿನಾರು ಪಾಲು ನೀರಿರುತ್ತದೆ; ಚುಂಯ್ಗುಡುವ ಸದ್ದು ಅದರದೇ. ಸದ್ದು ಅಡಗಿದಮೇಲೆ ನಿಜವಾದ ಕೆಲಸ ಶುರು. ನಮ್ಮ ತುಪ್ಪದಲ್ಲಿ ಈ ನೀರಿನ ಕಾಟವೂ ಇಲ್ಲ, ಸೀಯುವ ಹಾಲಿನ ಅಂಶವೂ ಇಲ್ಲ. ಗರಿಗರಿಗೆ ಬೆಣ್ಣೆಗಿಂತ ತುಪ್ಪವೇ ಮೇಲೆಂದು ನನ್ನ ಮತ, ಅಮೆರಿಕನ್ನರು ಒಪ್ಪಲಿಕ್ಕಿಲ್ಲ.

ಚೀಸನ್ನು ಕೆಲವರು ಗಿಣ್ಣು ಎಂದು ಅನುವಾದಿಸುವುದುಂಟು. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ ಬೆರೆಸಿ ಬೇಯಿಸಿದ ಗಿಣ್ಣನ್ನು ತಿಂದವರು ಆ ಅನುವಾದವನ್ನು ಕ್ಷಮಿಸಲಾರರು. ಪನೀರೂ ಇಲ್ಲಿ ನಡೆಯದು. ಹುಳಿಯಿಂದ ಒಡೆಸಿದ ಆ ಗಟ್ಟಿ ಕಾವಿಗೆ ಕರಗುವುದಿಲ್ಲ, ನೀರು ಬಿಟ್ಟು ಬಿಗಿಯುತ್ತದೆ. ಬಹಳ ಹಳೆಯ ಚೀಸು ಜಿಡ್ಡು ಬಿಟ್ಟು ಒಡೆಯುತ್ತದೆ. ಅದರ ರುಚಿ ಬೇಕೆಂದರೆ ಸಂಸ್ಕರಿತ ಚೀಸಿನೊಡನೆ ತುರಿದು ಬೆರೆಸಬಹುದು.

ದಪ್ಪ ತಳದ ಕಾವಲಿಯಲ್ಲಿ ಮೊದಲ ಒಂದೆರಡು ನಿಮಿಷ ಮುಚ್ಚಳವಿರಲಿ, ಚೀಸು ಕರಗಲು ತೊಡಗುತ್ತದೆ. ಆಮೇಲೆ ಮುಚ್ಚಳ ತೆಗೆಯಬೇಕು, ಇಲ್ಲವಾದರೆ ಒಳಗಿನ ಹಬೆಯೇ ಹೊರಮೈಯನ್ನು ತೋಯಿಸುತ್ತದೆ. ತಳ ಹೊಂಬಣ್ಣಕ್ಕೆ ತಿರುಗಿದಾಗ ಮಗುಚಿ, ಇನ್ನೊಂದು ಮಗ್ಗುಲನ್ನು ತೆರೆದಿಟ್ಟೇ ಕಾಯಿಸಬೇಕು. ಸೌಟಿನಿಂದ ಒತ್ತಿ ಹಿಂಸಿಸುವುದು ಬೇಡ.

ಇಳಿಸಿದ ಸ್ಯಾಂಡ್‌ವಿಚ್ಚನ್ನು ತಣ್ಣನೆಯ ತಟ್ಟೆಗೆ ಹಾಕಿದರೆ ಹಬೆ ಅಡಿಯಲ್ಲಿ ನೀರಾಗಿ ನಿಂತು ತಳ ಮೆತ್ತಗಾಗುತ್ತದೆ. ತಂತಿಯ ಜಾಲರಿಯ ಮೇಲೆ ಒಂದು ನಿಮಿಷವಿಟ್ಟು ಕತ್ತರಿಸುವುದು ಸರಿ. ಒಂದರ ಮೇಲೊಂದು ಪೇರಿಸಿ ಮನೆಮಂದಿಗೆಲ್ಲ ಒಟ್ಟಿಗೆ ಬಡಿಸುವ ಹಂಬಲವೂ ಬೇಡ. ದೋಸೆಯಂತೆ ಇದನ್ನೂ ಇಳಿದ ಸರದಿಯಲ್ಲೇ ತಿನ್ನಬೇಕು. ಕೊನೆಯ ಸರದಿ ಎಂದಿನಂತೆ ಮಾಡುವವರದು. ಅಷ್ಟು ಹೊತ್ತಿಗೆ ಕಾವಲಿ ಚೆನ್ನಾಗಿ ಕಾದಿರುತ್ತದೆ. ಉರಿಯನ್ನು ಇನ್ನಷ್ಟು ತಗ್ಗಿಸಿದರೆ ಅದೂ ಸೀಯದೆ ಬರುತ್ತದೆ.