ಕಾಣದ ಕ್ರಿಮಿಗೆ ಕಾಣದ ಕಿರಣ

ಬಿಂದಿಗೆಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ವಿಷಮಶೀತ ಜ್ವರದ ಅಥವಾ ಕಾಲರಾ ರೋಗದ ಕ್ರಿಮಿಗಳು ಅಡಗಿರಬಹುದು. ಕಣ್ಣಿಗೆ ಕಾಣದ ಈ ಶತ್ರುವನ್ನು ಕಣ್ಣಿಗೆ ಕಾಣದ ಬೆಳಕಿನಿಂದಲೇ ಜಯಿಸುವ ಯಂತ್ರ ಇಂದು ಅಡಿಗೆಮನೆಯ ಗೋಡೆಯನ್ನೇರಿದೆ. ಅದೇ ನೇರಳಾತೀತ ಕಿರಣದ ದೀಪ.

ಈ ವಿದ್ಯೆ ಹೊಸತೇನಲ್ಲ. ಸೂರ್ಯನ ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲುದೆಂಬುದನ್ನು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬವರು ತೋರಿಸಿಕೊಟ್ಟರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಪಾದರಸದ ದೀಪಗಳಿಂದ ಕುಡಿಯುವ ನೀರನ್ನು ಶುದ್ಧಗೊಳಿಸಲಾಯಿತು. 1993ರ ಸುಮಾರಿಗೆ ಭಾರತ, ಬಾಂಗ್ಲಾದೇಶಗಳಲ್ಲಿ ಹೊಸ ಬಗೆಯ ಕಾಲರಾ ಹಬ್ಬಿದಾಗ, ಭಾರತ ಸಂಜಾತ ವಿಜ್ಞಾನಿ ಅಶೋಕ್ ಗಾಡ್ಗೀಳರು ಅಮೆರಿಕದ ಬರ್ಕ್ಲಿಯಲ್ಲಿ ಹಳ್ಳಿಗಳಿಗೆ ಒಪ್ಪುವಂಥ ಸರಳ ಯಂತ್ರವೊಂದನ್ನು ಇದೇ ತತ್ತ್ವದ ಮೇಲೆ ರೂಪಿಸಿದರು.

ಈ ದೀಪ ನಮ್ಮ ಟ್ಯೂಬ್‌ಲೈಟಿನ ಸೋದರನೇ ಸರಿ. ಟ್ಯೂಬ್‌ಲೈಟಿನ ಒಳಗಿರುವ ಬಿಳಿಯ ಲೇಪ ಇದಕ್ಕಿಲ್ಲ. ಸಾಧಾರಣ ಗಾಜು ಈ ಕಿರಣವನ್ನು ತಡೆಯುವುದರಿಂದ ಸ್ಫಟಿಕಶಿಲೆಯಿಂದ ಮಾಡಿದ ಗಾಜಿನ ಕೊಳವೆಯನ್ನು ಬಳಸುತ್ತಾರೆ. ಹೊರಹೊಮ್ಮುವ ಕಿರಣದ ತರಂಗದೂರ ಸುಮಾರು 254 ನ್ಯಾನೊಮೀಟರ್. ಅದು ಕ್ರಿಮಿಯ ವಂಶವಾಹಿಯನ್ನೇ ಕೆಡಿಸುತ್ತದೆ. ಕ್ರಿಮಿ ಸಂತಾನ ಬೆಳೆಸಲಾರದೆ ನಿರುಪದ್ರವಿಯಾಗುತ್ತದೆ. ನೀರಿನ ರುಚಿ ಕೆಡದು, ಮದ್ದಿನ ವಾಸನೆಯಿಲ್ಲ, ಕಾಸಿ ಆರಿಸುವ ಶ್ರಮವೂ ಇಲ್ಲ.

ಹಾಗೆಂದು ಯಂತ್ರವನ್ನು ಕುರುಡಾಗಿ ನಂಬುವುದು ಅಪಾಯಕರ. ನೀರು ಕದಡಿದ್ದರೆ ಮಣ್ಣಿನ ಕಣಗಳ ಮರೆಯಲ್ಲಿ ಕ್ರಿಮಿಗಳು ಉಳಿದುಕೊಳ್ಳುತ್ತವೆ. ಆದುದರಿಂದ ಮೊದಲು ಸೋಸುವುದು ಅಗತ್ಯ. ಉಪ್ಪು, ಫ್ಲೋರೈಡು, ಆರ್ಸೆನಿಕ್‌ಗಳನ್ನು ಬೆಳಕು ತೆಗೆಯಲಾರದು. ಕೋಲಾರದಂಥ ಕಡೆ ಕೊಳವೆಬಾವಿಯ ನೀರು ಕುಡಿಯುವವರು ಇದನ್ನು ಮರೆಯಬಾರದು. ಕ್ಲೋರಿನ್ನಿನಂತೆ ಇದರ ಪ್ರಭಾವ ನೀರಿನಲ್ಲಿ ಉಳಿಯುವುದೂ ಇಲ್ಲ; ಶುದ್ಧವಾದ ನೀರನ್ನು ಕೊಳಕು ಪಾತ್ರೆಯಲ್ಲಿ ಹಿಡಿದರೆ, ಕೈ ಅದ್ದಿ ಮೊಗೆದರೆ, ಮಾಡಿದ್ದೆಲ್ಲ ವ್ಯರ್ಥ.

ದೀಪದ ನೀಲಿ ಹೊಳಪು ಎಲ್ಲಕ್ಕಿಂತ ದೊಡ್ಡ ವಂಚಕ. ಕಾಣುವ ಬೆಳಕು ಮೊದಲಿನಂತೆಯೇ ಇದ್ದರೂ ಕಾಣದ ಕಿರಣ ದಿನೇ ದಿನೇ ಕುಗ್ಗುತ್ತಿರುತ್ತದೆ. ಗಡಸು ನೀರಿನ ಸುಣ್ಣ ಕೊಳವೆಗೆ ಕಟ್ಟಿದರೆ ಅದು ಇನ್ನಷ್ಟು ಕುಗ್ಗುತ್ತದೆ. ಆದಕಾರಣ ತಯಾರಕರು ಹೇಳಿದ ಅವಧಿಗೆ ದೀಪವನ್ನು ಬದಲಿಸಬೇಕು, ಕೊಳವೆಯನ್ನು ಶುಚಿಗೊಳಿಸಬೇಕು. ಉರಿಯುವ ದೀಪವನ್ನು ಮಾತ್ರ ಬರಿಗಣ್ಣಿನಿಂದ ನೋಡಕೂಡದು. ಅದು ಕಣ್ಣಿಗೂ ಚರ್ಮಕ್ಕೂ ಹಾನಿಕರ.

ವಿದ್ಯುತ್ತು ಕೈಕೊಟ್ಟ ದಿನ, ಅಥವಾ ದೀಪದ ಮೇಲೆ ಸಂಶಯ ಬಂದ ದಿನ, ಗೃಹಿಣಿಗೆ ಹಳೆಯ ದಾರಿ ಇದ್ದೇ ಇದೆ: ನೀರು ಚೆನ್ನಾಗಿ ಕುದಿಯಲಿ, ಮುಚ್ಚಿಟ್ಟ ಪಾತ್ರೆಯಲ್ಲಿ ಆರಲಿ. ಮಕ್ಕಳ ಲೋಟಕ್ಕೆ ಅದನ್ನೇ ಸುರಿಯುವುದು ಲೇಸು.