ಓಟದ ಕಾರಿನಿಂದ ಆಟೋದ ಬ್ಯಾಟರಿವರೆಗೆ: ಬೆಂಗಳೂರಿನ ಚೇತನ್ ಮೈನಿ



ಕಳೆದ ತಿಂಗಳ ರವಿವಾರದ ಕೂಟ ದಾಳಿಂಬದಲ್ಲಿ ನಡೆದದ್ದು ಬಂದವರಿಗೆಲ್ಲ ನೆನಪಿದೆ. ಉಮರ್ಗಾ, ನಿಲಂಗಾ, ಉದಗೀರದಿಂದ ಬಂದವರು ಚಹಾ ಕುಡಿಯುತ್ತಿದ್ದಾಗ ಆಟೋ ಓಡಿಸುವ ನಮ್ಮ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಕೆಲವು ವರ್ಷದ ಹಿಂದೆ ಅವರು ಸಾಲ ಮಾಡಿ ಬ್ಯಾಟರಿ ರಿಕ್ಷಾ ಕೊಂಡಿದ್ದರು. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿತು, ಸಾಲದ ಕಂತು ಮಾತ್ರ ಉಳಿಯಿತು. ಈಗ ಮಗನಿಗೂ ಕರೆಂಟಿನ ಆಟೋ ಬೇಕಂತೆ. ಹೂಂ ಅನ್ನಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ಅಂದು ನಮ್ಮಲ್ಲಿ ಉತ್ತರ ಇರಲಿಲ್ಲ. ಓದಿ ತಿಳಿದು ಈ ಪುಟದಲ್ಲಿ ಬರೆಯುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಓದುತ್ತಾ ಹೋದಂತೆ ಸಿಕ್ಕಿದ್ದು ಬೆಂಗಳೂರಿನ ಉದ್ಯಮಿ ಚೇತನ್ ಮೈನಿ ಅವರ ಕಥೆ.

ಮೈನಿಯವರು ಹುಟ್ಟಿದ್ದು 1970ರಲ್ಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ವಿದ್ಯಾರ್ಥಿಗಳೇ ಕಟ್ಟಿದ 'ಸನ್‌ರನ್ನರ್' ಎಂಬ ಸೌರಶಕ್ತಿ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಓಟವನ್ನು ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ, ಸುಮಾರು 3,000 ಕಿ.ಮೀ. ಓಟದಲ್ಲಿ ಮೂರನೆಯ ಸ್ಥಾನ ಪಡೆಯಿತು. ಇಂಥ ಓಟದಲ್ಲಿ ಬಿಸಿಲು ಕೊಟ್ಟಷ್ಟೇ ಶಕ್ತಿ. ಮೋಡ ಬಂದರೆ ಬ್ಯಾಟರಿಯಲ್ಲಿ ಕೂಡಿಟ್ಟದ್ದೇ ಗತಿ. ಎಷ್ಟು ಬಳಸಬೇಕು, ಎಷ್ಟು ಉಳಿಸಬೇಕು ಎಂಬ ಲೆಕ್ಕದಲ್ಲೇ ಸೋಲು ಗೆಲುವು. ಮೊದಲ ತಾರೀಖಿನ ಸಂಬಳದಲ್ಲಿ ತಿಂಗಳು ದೂಡಿದ ನಮ್ಮಂಥ ಗುಮಾಸ್ತರಿಗೆ ಇದು ಬೇಗ ಅರ್ಥವಾಗುತ್ತದೆ.

1994ರಲ್ಲಿ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದವು. 2001ರಲ್ಲಿ ಬೆಂಗಳೂರಿನಲ್ಲಿ 'ರೇವಾ' ರಸ್ತೆಗಿಳಿಯಿತು. ಎರಡು ಬಾಗಿಲು, ಆಟಿಗೆಯಂಥ ಆಕಾರ. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಚ್ಚಿ ಸುಮಾರು 9 ಯೂನಿಟ್ ತುಂಬಿದರೆ 80 ಕಿ.ಮೀ. ಓಡುತ್ತದೆ ಎಂಬುದು ಕಂಪನಿಯ ಮಾತು. ಲಂಡನ್ನಿನಲ್ಲಿ 2003ರಿಂದ ನಗರದ ನಡುಭಾಗಕ್ಕೆ ಹೋಗುವ ವಾಹನಗಳಿಗೆ ಸುಂಕ ಬಂತು, ಕರೆಂಟಿನ ಗಾಡಿಗೆ ಮಾಫಿ ಇತ್ತು. ಹಾಗಾಗಿ ಅಲ್ಲಿ ಇದು 'ಜಿ-ವಿಜ್' ಎಂಬ ಹೆಸರಲ್ಲಿ ಮಾರಾಟವಾಯಿತು. ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಸಾಲದು ಎಂಬ ಟೀಕೆಯೂ 2007ರಲ್ಲಿ ಜೋರಾಗಿಯೇ ಬಂತು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಮೊದಲ ರೇವಾದಲ್ಲಿ ಇದ್ದದ್ದು ಸೀಸ–ಆಮ್ಲದ ಬ್ಯಾಟರಿ. ನಮ್ಮ ಸದಸ್ಯರ ರಿಕ್ಷಾದಲ್ಲಿ ಇದ್ದದ್ದೂ ಅದೇ ಜಾತಿ. ಭಾರ ಹೆಚ್ಚು, ಆಯುಷ್ಯ ಕಡಿಮೆ. ಪೂರ್ತಿ ಬರಿದಾಗುವವರೆಗೆ ಓಡಿಸಿ ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕೂರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲು ಅದಕ್ಕೆ ಇನ್ನಷ್ಟು ವೈರಿ. ಅವರ ಗಾಡಿ ಎರಡೇ ವರ್ಷಕ್ಕೆ ಸೋತದ್ದು ಓಡಿಸಿದವರ ತಪ್ಪೊಂದೇ ಅಲ್ಲ ಎಂದು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಅದಕ್ಕಾಗಿ ಬಹಳ ಮಾತು ಕೇಳಿದ್ದಾರೆ.

2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಶೇ. 55.2 ಪಾಲು ಕೊಂಡಿತು. ಅದೇ ಸಮೂಹದ ಓಟದ ತಂಡ 2014ರ ಸೆಪ್ಟೆಂಬರ್ 13ರಂದು ಬೀಜಿಂಗ್‌ನಲ್ಲಿ ನಡೆದ ಮೊಟ್ಟಮೊದಲ ಫಾರ್ಮುಲಾ ಇ ರೇಸಿನಲ್ಲಿ ಇತ್ತು. ಚಾಲಕರು ಚೆನ್ನೈಯ ಕರುಣ್ ಚಂದೋಕ್ ಮತ್ತು ಬ್ರೆಜಿಲ್ಲಿನ ಬ್ರೂನೋ ಸೆನ್ನಾ. ತಂಡದ ಒಡೆತನ ಮಹೀಂದ್ರಾದವರದು, ಮೈನಿಯವರದಲ್ಲ. ಶಕ್ತಿ ಉದ್ಯಮ, ಓಟದ ತಂಡ ಎರಡೂ ಒಬ್ಬನದೇ ಆದ ಉದಾಹರಣೆ ಚೀನಾದ ಲೇ ಜಾಂಗ್: ಗಾಳಿಯಂತ್ರ ಮಾಡುವ ಎನ್ವಿಷನ್ ಕಂಪನಿ ಕಟ್ಟಿದವರು. ನಮ್ಮ ದಾಳಿಂಬದ ಹೆದ್ದಾರಿ ಹಿಡಿದು ಹೋದರೆ ಸಿಗುವ ಹೈದರಾಬಾದಿನಲ್ಲೇ 2023ರ ಫೆಬ್ರುವರಿ 11ರಂದು ಈ ರೇಸ್ ನಡೆದಾಗ ಎನ್ವಿಷನ್ ಕಾರು ಎರಡನೆಯದಾಗಿ ಬಂತು.

ನಮಗೆ ಮುಖ್ಯವಾದದ್ದು ಬೇರೆ. ಮೊದಲ ನಾಲ್ಕು ಸೀಸನ್‌ಗಳಲ್ಲಿ ಆ ಕಾರಿನ ಬ್ಯಾಟರಿ ಅರ್ಧ ರೇಸಿಗಷ್ಟೇ ಸಾಲುತ್ತಿತ್ತು. ಚಾಲಕ ನಡುವೆ ಒಳಗೆ ಬಂದು, ಇಳಿದು, ತುಂಬಿದ ಬ್ಯಾಟರಿಯ ಇನ್ನೊಂದು ಕಾರಿಗೆ ಹತ್ತಿ ಓಡಿಸುತ್ತಿದ್ದ! ಕೋಟಿಗಟ್ಟಲೆ ಸುರಿಯುವವರಿಗೂ ಇದೇ ಪಾಡು. 2018ರ ಕೊನೆಗೆ ಸುಮಾರು ಎರಡು ಪಟ್ಟು ಶಕ್ತಿಯ ಬ್ಯಾಟರಿ ಬಂದ ಮೇಲೆ ಒಂದೇ ಕಾರು ಸಾಕಾಯಿತು.

ಮೈನಿಯವರು 2017ರಲ್ಲಿ ಉದಯ್ ಖೇಮ್ಕಾ ಅವರ ಜೊತೆ ಸನ್ ಮೊಬಿಲಿಟಿ ಶುರು ಮಾಡಿದರು. ಇಲ್ಲಿ ಗಾಡಿ ಬದಲಿಸುವುದಿಲ್ಲ, ಬ್ಯಾಟರಿಯನ್ನೇ ಬದಲಿಸುತ್ತಾರೆ. ಗಾಡಿ ನಮ್ಮದು, ಬ್ಯಾಟರಿ ಕಂಪನಿಯದು. ಖಾಲಿಯಾದದ್ದನ್ನು ಕೇಂದ್ರದಲ್ಲಿ ಕೊಟ್ಟು ಕೆಲವೇ ನಿಮಿಷದಲ್ಲಿ ತುಂಬಿದ್ದನ್ನು ಒಯ್ಯುವುದು, ಬಳಸಿದಷ್ಟಕ್ಕೆ ದುಡ್ಡು ಕೊಡುವುದು. ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಬ್ಯಾಟರಿ ಸತ್ತರೆ ನಷ್ಟ ಚಾಲಕನದಲ್ಲ. 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಇಲ್ಲದೆ ಗಾಡಿ ಮಾರಿ ನೋಂದಾಯಿಸಲೂ ಅವಕಾಶ ಕೊಟ್ಟಿತು. ಆದರೆ ಕೇಂದ್ರ ಹತ್ತಿರವಿದ್ದರೆ ಮಾತ್ರ ಇದೆಲ್ಲ. ನಮ್ಮ ಕಡೆ ಅಂಥದ್ದು ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಆದ್ದರಿಂದ ಆ ಸದಸ್ಯರಿಗೆ ನಮ್ಮ ಅಭಿಪ್ರಾಯ ಹೀಗೆ: ಸೀಸದ ಬ್ಯಾಟರಿಯ ಗಾಡಿ ಬೇಡವೇ ಬೇಡ, ಎಷ್ಟೇ ಅಗ್ಗವಿರಲಿ. ಬದಲಿ ಕೇಂದ್ರ ಬರುವವರೆಗೆ ಲಿಥಿಯಂ ಬ್ಯಾಟರಿಯದೇ ನೋಡಬೇಕು. ಅದರಲ್ಲೂ ಗ್ಯಾರಂಟಿಯ ಅವಧಿ ಸಾಲದ ಅವಧಿಗಿಂತ ಕಡಿಮೆ ಇದ್ದರೆ ಸಹಿ ಹಾಕಬಾರದು. ಬಾಯಿಮಾತಿನ ಗ್ಯಾರಂಟಿ ಗ್ಯಾರಂಟಿಯಲ್ಲ. ಕಚೇರಿಯಲ್ಲಿ ನಾವು ಕಲಿತದ್ದು ಅದೊಂದೇ.

ಬರುವ ತಿಂಗಳ ಎರಡನೇ ರವಿವಾರದ ಕೂಟಕ್ಕೆ ಅವರ ಮಗ ಅಂಗಡಿಗಳಿಂದ ದರಪಟ್ಟಿ ಮತ್ತು ಗ್ಯಾರಂಟಿ ಕಾಗದ ತರುತ್ತಾನೆ. ಮರಾಠಿ, ಇಂಗ್ಲಿಷಿನ ಸಣ್ಣ ಅಕ್ಷರದ ಷರತ್ತುಗಳನ್ನು ಓದಿ ಕನ್ನಡದಲ್ಲಿ ವಿವರಿಸುತ್ತೇವೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಸದಸ್ಯರು ದಯವಿಟ್ಟು ತಪ್ಪದೇ ಬರಬೇಕು. ಇಂಥದೇ ಗಾಡಿ ಕೊಳ್ಳುವ ವಿಚಾರ ಇರುವವರು ತಮ್ಮ ಕಾಗದಗಳನ್ನೂ ತರಬಹುದು. ಕನ್ನಡಕ ಮರೆಯಬೇಡಿ.

— ಕಾರ್ಯದರ್ಶಿ